ಹಡಗಿನ ರೇಷ್ಮೆ

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗೆಳೆಯರು ಕೇಳಿದಾಗ ಎಲ್ಲರಂತೆ ನನಗೂ ಮೊದಲು ಹೊಳೆದದ್ದು ಶಾಲೆಯ ನೆನಪುಗಳೇ. ಆದರೆ ಅವನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಹಿರಿಯರು ಈ ಸಂಚಿಕೆಯಲ್ಲಿ ಇದ್ದೇ ಇರುತ್ತಾರೆ. ಆದ್ದರಿಂದ ಹತ್ತನೇ ತರಗತಿಯಲ್ಲಿ ಹುಟ್ಟಿ, ಉತ್ತರ ಸಿಗಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿದ ಒಂದು ಪ್ರಶ್ನೆಯ ಬಗ್ಗೆ ಬರೆಯುತ್ತೇನೆ. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ಇತಿಹಾಸಕಾರನಲ್ಲ. ತಪ್ಪುಗಳಿದ್ದರೆ ಗುರುಗಳು ಅಂದಿನಂತೆ ಇಂದೂ ತಿದ್ದಬೇಕು.

ಅಂದು ಸಮಾಜ ವಿಜ್ಞಾನದ ಮೇಷ್ಟ್ರು 1929ರ ಮಹಾ ಆರ್ಥಿಕ ಕುಸಿತದ ಪಾಠ ಮಾಡಿದ್ದರು. ನ್ಯೂಯಾರ್ಕಿನ ಷೇರುಪೇಟೆ ಕುಸಿದು ಜಗತ್ತೆಲ್ಲ ಕಷ್ಟಕ್ಕೆ ಬಿತ್ತು ಎಂದು ಬೋರ್ಡಿನ ಮೇಲೆ ಕಾರಣಗಳನ್ನೂ ಪರಿಣಾಮಗಳನ್ನೂ ಬರೆಸಿದ್ದರು. ಸಂಜೆ ಹುಳುವಿಗೆ ಸೊಪ್ಪು ಹಾಕುತ್ತಾ ಅದನ್ನೇ ನಾನು ತಾತನಿಗೆ ಒಪ್ಪಿಸಿದೆ. ತಾತ ತಟ್ಟೆಯಿಂದ ಕಣ್ಣೆತ್ತದೆ ಹೇಳಿದರು: “ಆ ಕಾಲದಾಗೇ ಕಣಪ್ಪ, ನಮ್ಮಪ್ಪ ಸೊಪ್ಪಿನ ತೋಟ ಕಿತ್ತು ರಾಗಿ ಹಾಕಿದ್ದು. ನಾನಿನ್ನೂ ಚಿಕ್ಕವನು. ‘ಹಡಗಿನ ರೇಷ್ಮೆ ಬಂತು, ನಮ್ಮ ಗೂಡು ಯಾರು ಕೇಳ್ತಾರೆ’ ಅಂತಿದ್ದ.”

ಮರುದಿನ ಮೇಷ್ಟ್ರನ್ನು ಕೇಳಿದೆ: “ಸಾರ್, ಅದು ಯಾವ ಹಡಗು?” ತರಗತಿಯೆಲ್ಲ ನಕ್ಕಿತು. ಮೇಷ್ಟ್ರು ನಗಲಿಲ್ಲ. “ಒಳ್ಳೆಯ ಪ್ರಶ್ನೆ. ನನಗೆ ಗೊತ್ತಿಲ್ಲ. ನೀನು ಹುಡುಕು, ಸಿಕ್ಕಿದರೆ ನನಗೂ ಹೇಳು” ಎಂದರು. ಈ ಲೇಖನ ಆ ಮಾತಿಗೆ ನನ್ನ ತಡವಾದ ಉತ್ತರ.

ಯೊಕೊಹಾಮಾದಲ್ಲಿ ನಿಂತ ಹಡಗು

ಕೆಲವು ವರ್ಷಗಳ ಹಿಂದೆ ಕಚೇರಿಯ ಕೆಲಸದ ಮೇಲೆ ಜಪಾನಿಗೆ ಹೋಗಿದ್ದೆ. ಒಂದು ಭಾನುವಾರ ಯೊಕೊಹಾಮಾ ಬಂದರಿನ ಯಾಮಾಶಿತಾ ಉದ್ಯಾನದ ಬಳಿ ತಿರುಗಾಡುತ್ತಿದ್ದಾಗ ದಡಕ್ಕೆ ಸರಪಳಿ ಕಟ್ಟಿ ನಿಲ್ಲಿಸಿದ್ದ ಕಪ್ಪು ಮೈಯ ಹಳೆಯ ಹಡಗೊಂದು ಕಂಡಿತು. ಹೆಸರು ‘ಹಿಕಾವಾ ಮಾರು’. ಟಿಕೆಟ್ ಕೊಂಡರೆ ಒಳಗೆ ಹೋಗಿ ನೋಡಬಹುದು. ಮೊದಲ ದರ್ಜೆಯ ಊಟದ ಮನೆ, ಕ್ಯಾಪ್ಟನ್ನನ ಕೋಣೆ, ಎಂಜಿನ್ ಮನೆ ಎಲ್ಲವನ್ನೂ ನೋಡುತ್ತಾ ಬಂದವನಿಗೆ, ಈ ಹಡಗಿನಲ್ಲಿ ರೇಷ್ಮೆ ಸಾಗಿಸಲೆಂದೇ ಪ್ರತ್ಯೇಕ ಕೋಣೆ ಇತ್ತು ಎಂದು ತಿಳಿಯಿತು. ಅಲ್ಲಿಯೇ ನಿಂತೆ. ತಾತನ ಮಾತು ನೆನಪಾಯಿತು.

ಹಿಕಾವಾ ಮಾರು ನಿಪ್ಪೋನ್ ಯೂಸೆನ್ ಕೈಶಾ ಎಂಬ ಜಪಾನಿನ ದೊಡ್ಡ ಹಡಗು ಕಂಪನಿಯದು. ಕಟ್ಟಿದ್ದು ಯೊಕೊಹಾಮಾದಲ್ಲೇ. 1929ರ ಸೆಪ್ಟೆಂಬರಿನಲ್ಲಿ ಅದನ್ನು ನೀರಿಗೆ ಇಳಿಸಿದರು. ಅದರ ಮುಂದಿನ ತಿಂಗಳೇ ನ್ಯೂಯಾರ್ಕಿನ ಷೇರುಪೇಟೆ ಬಿತ್ತು. 1930ರ ಏಪ್ರಿಲಿನಲ್ಲಿ ಹಡಗು ಪೂರ್ತಿಯಾಯಿತು, ಮೇ ತಿಂಗಳಲ್ಲಿ ಅಮೆರಿಕದ ಸಿಯಾಟಲ್ ಬಂದರಿನ ಕಡೆಗೆ ಮೊದಲ ಪ್ರಯಾಣ ಹೊರಟಿತು. ಹೀಗೆ ಒಳ್ಳೆಯ ಕಾಲ ನೋಡಿ ಯೋಜಿಸಿದ ಹಡಗು ಕೆಟ್ಟ ಕಾಲದಲ್ಲಿ ಕಣ್ಣು ಬಿಟ್ಟಿತು.

ಅದರ ಒಳಗಾತ್ರದ ಲೆಕ್ಕ 11,622 ಗ್ರಾಸ್ ಟನ್ನು, ಉದ್ದ 163 ಮೀಟರು. ನಮ್ಮ ಶಾಲೆಯ ಆಟದ ಮೈದಾನದಲ್ಲಿ ಇಟ್ಟರೆ ಒಂದು ತುದಿ ಗೇಟಿನಿಂದ ಆಚೆ ಹೋಗುತ್ತದೆ. ಡೆನ್ಮಾರ್ಕಿನ ಬರ್ಮೈಸ್ಟರ್ ಅಂಡ್ ವೈನ್ ಕಂಪನಿಯ ಎರಡು ಡೀಸೆಲ್ ಎಂಜಿನ್‌ಗಳು ಅದನ್ನು ಗಂಟೆಗೆ 18 ನಾಟಿಕಲ್ ಮೈಲಿಯವರೆಗೂ ಓಡಿಸುತ್ತಿದ್ದವು. ಕಲ್ಲಿದ್ದಲಿನ ಹಡಗುಗಳೇ ಹೆಚ್ಚಿದ್ದ ಆ ಕಾಲಕ್ಕೆ ಇದು ಹೊಸ ಮಾದರಿ. ಇದಕ್ಕೆ ಹಿಯೆ ಮಾರು, ಹೆಯಾನ್ ಮಾರು ಎಂಬ ಎರಡು ಅಕ್ಕತಂಗಿ ಹಡಗುಗಳೂ ಇದ್ದವು. ಹಾಂಗ್‌ಕಾಂಗ್, ಶಾಂಘೈ, ಕೋಬೆ, ಯೊಕೊಹಾಮಾ ಮುಟ್ಟಿ, ಪೆಸಿಫಿಕ್ ಸಾಗರ ದಾಟಿ, ಕೆನಡಾದ ವಿಕ್ಟೋರಿಯಾ, ವ್ಯಾಂಕೂವರ್ ಮತ್ತು ಅಮೆರಿಕದ ಸಿಯಾಟಲ್ ಬಂದರುಗಳ ಕಡೆಗೆ ಹೋಗುವುದು ಇವುಗಳ ದಾರಿ.

ಯೊಕೊಹಾಮಾದಿಂದ ಸಿಯಾಟಲ್‌ಗೆ ಸುಮಾರು 4,250 ನಾಟಿಕಲ್ ಮೈಲಿ. ಗಂಟೆಗೆ 16 ಮೈಲಿಯಂತೆ ಹಗಲೂ ರಾತ್ರಿ ಓಡಿದರೂ ಹನ್ನೊಂದು ದಿನ. ನಕಾಶೆಯ ಮೇಲೆ ನೇರ ಗೆರೆ ಎಳೆದರೆ ದಾರಿ ಸಾಗರದ ನಡುವೆ ಹಾದಂತೆ ಕಾಣುತ್ತದೆ. ಆದರೆ ಶಾಲೆಯ ಗೋಳದ ಮೇಲೆ ಎರಡೂ ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದು ನೋಡಿ, ಅದು ಉತ್ತರಕ್ಕೆ ಸರಿದು ಅಲ್ಯೂಷಿಯನ್ ದ್ವೀಪಗಳ ಹತ್ತಿರ ಹಾಯುತ್ತದೆ. ಹಡಗುಗಳು ಹಿಡಿಯುತ್ತಿದ್ದ ಹತ್ತಿರದ ದಾರಿಯೂ ಅದೇ. ಅಲ್ಲಿ ಚಳಿ, ಮಂಜು, ಚಳಿಗಾಲದಲ್ಲಿ ದೊಡ್ಡ ಅಲೆ. ಪೂರ್ವಕ್ಕೆ ಹೋಗುವಾಗ ದಿನರೇಖೆ ದಾಟಿದರೆ ಅದೇ ತಾರೀಖು ಎರಡು ಸಲ ಬರುತ್ತಿತ್ತು. ವಾಪಸು ಬರುವಾಗ ಒಂದು ದಿನ ಕ್ಯಾಲೆಂಡರಿನಿಂದಲೇ ಮಾಯವಾಗುತ್ತಿತ್ತು.

ಸರಕು: ದಿನದ ಬಡ್ಡಿ ತಿನ್ನುವ ನೂಲು

ಆ ಹಡಗಿನ ಹೊಟ್ಟೆಯಲ್ಲಿ ಚಹಾ, ಪಿಂಗಾಣಿ, ಆಟಿಕೆ, ಡಬ್ಬಿಯಲ್ಲಿ ತುಂಬಿದ ಏಡಿ ಹೀಗೆ ಹಲವು ಸರಕು ಇರುತ್ತಿದ್ದವು. ಅಮೆರಿಕದ ಕಡೆಯಿಂದ ಬರುವಾಗ ಮರ, ಗೋಧಿ, ಹಿಟ್ಟು, ಗುಜರಿ ಕಬ್ಬಿಣ. ಆದರೆ ಎಲ್ಲದಕ್ಕಿಂತ ಬೆಲೆಯುಳ್ಳ ಸರಕು ಕಚ್ಚಾ ರೇಷ್ಮೆ.

1929ರ ಸುಮಾರಿಗೆ ಜಪಾನಿನ ರಫ್ತಿನಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಕಚ್ಚಾ ರೇಷ್ಮೆಯದೇ ಆಗಿತ್ತು. ಅದರಲ್ಲಿ ಹತ್ತಕ್ಕೆ ಒಂಬತ್ತು ಪಾಲಿಗೂ ಹೆಚ್ಚು ಒಂದೇ ದೇಶಕ್ಕೆ, ಅಮೆರಿಕಕ್ಕೆ ಹೋಗುತ್ತಿತ್ತು. ಅಲ್ಲಿ ಅದು ಬಟ್ಟೆಯಾಗುತ್ತಿತ್ತು, ಹೆಂಗಸರ ಕಾಲುಚೀಲವಾಗುತ್ತಿತ್ತು. ಜಪಾನಿನ ಪ್ರತಿ ಐದು ರೈತ ಕುಟುಂಬಗಳಲ್ಲಿ ಎರಡು ಕುಟುಂಬಗಳು, ಅಂದರೆ ಸುಮಾರು 22 ಲಕ್ಷ ಮನೆಗಳು, ನಮ್ಮ ಹಾಗೆಯೇ ಹುಳು ಸಾಕುತ್ತಿದ್ದವು. ನಮ್ಮಲ್ಲಿ ಇದ್ದ ಹಾಗೆ ಅಲ್ಲೂ ಅದು ಹೆಂಗಸರ, ಮಕ್ಕಳ ಕೆಲಸ. ಚಾಕಿ ಕಟ್ಟುವುದು, ರಾತ್ರಿ ಎದ್ದು ಸೊಪ್ಪು ಹಾಕುವುದು, ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವಿಗೆ ತೋಟಕ್ಕೆ ತೋಟವೇ ಸಾಲದಿರುವುದು, ಇದೆಲ್ಲ ನಮ್ಮೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಗೂಡು ಮಾರಿದ ದುಡ್ಡಿನಿಂದಲೇ ಅಂಗಡಿ ಸಾಲ, ತೆರಿಗೆ, ಮಕ್ಕಳ ಶಾಲೆ. ಬಿಚ್ಚಿದ ನೂಲು ನಾಗಾನೊ ಪ್ರಾಂತದ ಒಕಾಯಾದಂಥ ಊರುಗಳ ಫಿಲೇಚರ್‌ಗಳಿಂದ ಯೊಕೊಹಾಮಾಕ್ಕೆ ಬರುತ್ತಿತ್ತು. ಅಲ್ಲಿ ನೂಲು ಪರೀಕ್ಷೆಯಾಗುತ್ತಿತ್ತು, ತೇವದ ಅಳತೆಯಾಗುತ್ತಿತ್ತು. ರೇಷ್ಮೆ ಗಾಳಿಯ ತೇವ ಹೀರಿ ತೂಕ ಹೆಚ್ಚಿಸಿಕೊಳ್ಳುತ್ತದೆ. ಪೂರ್ತಿ ಒಣಗಿಸಿದ ತೂಕಕ್ಕೆ ನೂರಕ್ಕೆ 11ರಷ್ಟು ಸೇರಿಸಿ ವ್ಯಾಪಾರದ ತೂಕ ಎಂದು ಒಪ್ಪುವುದು ರೂಢಿ. ಆಮೇಲೆ ಸುಮಾರು 60 ಕೆ.ಜಿ.ಯ ಬೇಲುಗಳಾಗಿ ಹಡಗಿಗೆ ಏರುತ್ತಿತ್ತು.

ಬೇರೆ ಸರಕನ್ನು ಎಲ್ಲಿ ಬೇಕಾದರೂ ಒಟ್ಟಬಹುದು, ರೇಷ್ಮೆಯನ್ನು ಒಟ್ಟಲಾಗದು. ನೀರು ತಾಗಿದರೆ, ಪಕ್ಕದ ಸರಕಿನ ವಾಸನೆ ಅಂಟಿದರೆ, ಕಳ್ಳತನವಾದರೆ ನಷ್ಟ ದೊಡ್ಡದು. ಆದ್ದರಿಂದಲೇ ಹಿಕಾವಾ ಮಾರುವಿನಲ್ಲಿ ಅದಕ್ಕೆ ಪ್ರತ್ಯೇಕ ಕೋಣೆ. ಇನ್ನೊಂದು ಕಾರಣ ಹಣದ್ದು. ಇಷ್ಟು ಬೆಲೆಯ ಸರಕು ದಾರಿಯಲ್ಲಿ ಇದ್ದಷ್ಟು ದಿನ ಬ್ಯಾಂಕಿನ ಬಡ್ಡಿಯೂ ವಿಮೆಯ ಖರ್ಚೂ ಓಡುತ್ತಲೇ ಇರುತ್ತವೆ. ನಡುವೆ ಪೇಟೆಯ ಬೆಲೆ ಬಿದ್ದರೆ ಅದೂ ನಷ್ಟ. ಅದಕ್ಕೇ ಹಡಗು ದಡ ಮುಟ್ಟಿದ ಕೂಡಲೇ ಬೇಲುಗಳನ್ನು ರೈಲಿಗೆ ಹಾಕಿ ನ್ಯೂಯಾರ್ಕಿನ ಕಡೆಗೆ ಓಡಿಸುತ್ತಿದ್ದರು. ಸಿಯಾಟಲ್‌ನಿಂದ ಗ್ರೇಟ್ ನಾರ್ದರ್ನ್ ಕಂಪನಿಯದು, ವ್ಯಾಂಕೂವರಿನಿಂದ ಕೆನಡಿಯನ್ ಪೆಸಿಫಿಕ್ ಕಂಪನಿಯದು. ಅವಕ್ಕೆ ರೇಷ್ಮೆ ರೈಲು ಎಂದೇ ಹೆಸರು. ಕಾವಲುಗಾರರನ್ನು ಕೂರಿಸಿಕೊಂಡು ಹೋಗುತ್ತಿದ್ದ ಆ ರೈಲಿಗೆ ದಾರಿ ಬಿಡಲು ಬೇರೆ ರೈಲುಗಳು ಪಕ್ಕದ ಹಳಿಯಲ್ಲಿ ಕಾಯಬೇಕಿತ್ತು.

ಆರ್ಥಿಕ ಕುಸಿತ ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡಿತು. ಕೆಲಸ ಕಳೆದುಕೊಂಡ ಮನೆಯಲ್ಲಿ ಮೊದಲು ನಿಲ್ಲುವುದು ರೇಷ್ಮೆಯ ಖರೀದಿ. ಅಮೆರಿಕದಲ್ಲಿ 1929ರಲ್ಲಿ ಪೌಂಡಿಗೆ 5 ಡಾಲರಿನ ಆಸುಪಾಸು ಇದ್ದ ಕಚ್ಚಾ ರೇಷ್ಮೆ 1934ರ ಹೊತ್ತಿಗೆ ಒಂದೂವರೆ ಡಾಲರಿಗೂ ಕೆಳಗೆ ಬಂತು. ಒಂದು ಬೇಲು ಅಂದರೆ 132 ಪೌಂಡು. 660 ಡಾಲರಿನ ಬೇಲು 200 ಡಾಲರಿಗೂ ಕಡಿಮೆಯಾಯಿತು. ಸರಕಿನ ಬೆಲೆಯೇ ಇಷ್ಟು ಬಿದ್ದ ಮೇಲೆ ಅವಸರಕ್ಕೆ ಕೊಡುವ ಹೆಚ್ಚಿನ ಬಾಡಿಗೆ ಯಾಕೆ? ರೇಷ್ಮೆ ನಿಧಾನವಾಗಿ, ಅಗ್ಗದಲ್ಲಿ, ಪನಾಮಾ ಕಾಲುವೆಯ ದಾರಿಯಲ್ಲಿ ಹಡಗಿನಲ್ಲೇ ನ್ಯೂಯಾರ್ಕ್ ಸೇರತೊಡಗಿತು. ರೇಷ್ಮೆ ರೈಲುಗಳು ಆ ದಶಕದಲ್ಲಿ ಒಂದೊಂದಾಗಿ ನಿಂತವು.

ಪ್ರಯಾಣಿಕರು: ಮೂರು ದರ್ಜೆ, ಎರಡು ಬಾಗಿಲು

ಹಡಗಿನ ಮೇಲಿನ ಅಂತಸ್ತುಗಳಲ್ಲಿ ಮೊದಲ ದರ್ಜೆ. ಒಳಾಂಗಣವನ್ನು ಫ್ರಾನ್ಸಿನ ಮಾರ್ಕ್ ಸಿಮೋನ್ ಎಂಬ ಕಲಾವಿದ ರೂಪಿಸಿದ್ದ. ಮೆಟ್ಟಿಲಿನ ಕಬ್ಬಿಣದ ಕಟಾಂಜನದಿಂದ ಹಿಡಿದು ದೀಪದ ಗಾಜಿನವರೆಗೆ ಎಲ್ಲದರಲ್ಲೂ ಆ ಕಾಲದ ಯೂರೋಪಿನ ಹೊಸ ಶೈಲಿ. ಕೆಳಗೆ ಇಳಿದರೆ ಮೂರನೇ ದರ್ಜೆ. ಒಂದರ ಮೇಲೊಂದು ಕಟ್ಟಿದ ಮಂಚಗಳ ಇಕ್ಕಟ್ಟಾದ ಕೋಣೆಗಳು. ಹಡಗಿನ ಪ್ರಯಾಣಿಕರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅಲ್ಲೇ ಜಾಗ.

ಮೂರನೇ ದರ್ಜೆಯಲ್ಲಿ ಹೋಗುತ್ತಿದ್ದವರು ಯಾರು? ಇಪ್ಪತ್ತನೇ ಶತಮಾನದ ಆರಂಭದಲ್ಲಾಗಿದ್ದರೆ ಹೊಸ ಬದುಕು ಹುಡುಕಿ ಹೊರಟ ಜಪಾನೀ ರೈತರ ಮಕ್ಕಳು, ಕೂಲಿಗಳು, ಬರೀ ಫೋಟೋ ನೋಡಿ ಮದುವೆಯಾಗಿ ಗಂಡನ ಮುಖ ನೋಡಲು ಹೊರಟ ಹೆಣ್ಣುಮಕ್ಕಳು. ಹಿಕಾವಾ ಮಾರು ಓಡುವ ಹೊತ್ತಿಗೆ ಆ ಬಾಗಿಲು ಮುಚ್ಚಿತ್ತು. 1924ರ ವಲಸೆ ಕಾಯ್ದೆ ಜಪಾನೀಯರ ವಲಸೆಯನ್ನು ಅಮೆರಿಕದಲ್ಲಿ ನಿಲ್ಲಿಸಿತ್ತು. ಕೆನಡಾ 1928ರಲ್ಲಿ ವರ್ಷಕ್ಕೆ 150 ಜನ ಎಂದು ಮಿತಿ ಹಾಕಿತ್ತು. ಚೀನಾದ ಕೂಲಿಗಳಿಗೆ 1882ರಿಂದಲೇ ತಡೆ. ನಮ್ಮ ದೇಶದವರಿಗೂ 1917ರ ಕಾಯ್ದೆಯಿಂದ ಬಾಗಿಲು ಮುಚ್ಚಿತ್ತು. ಮೊದಲೇ ಅಲ್ಲಿ ನೆಲೆಸಿದ್ದ ಭಾರತೀಯರಿಗೆ ಪೌರತ್ವ ಇಲ್ಲ ಎಂದು 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ಸಿಖ್ಖರ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿತ್ತು.

ಹಾಗಾಗಿ ಈ ಹಡಗಿನ ಮೂರನೇ ದರ್ಜೆಯಲ್ಲಿ ಇದ್ದವರು ಹೆಚ್ಚಾಗಿ ಮೊದಲೇ ಅಲ್ಲಿ ನೆಲೆಸಿದ್ದು, ತಂದೆತಾಯಿಯನ್ನು ನೋಡಲು ಊರಿಗೆ ಬಂದು ಮರಳುವವರು. ಅಮೆರಿಕದಲ್ಲೇ ಹುಟ್ಟಿ ಆ ದೇಶದ ಪ್ರಜೆಗಳಾಗಿದ್ದು, ಓದಿಗೆಂದು ಜಪಾನಿನ ಅಜ್ಜಿ ಮನೆಗೆ ಹೋಗಿ ಬರುವ ಮಕ್ಕಳು. ವಿದ್ಯಾರ್ಥಿಗಳು, ವ್ಯಾಪಾರಿಗಳು. ವಾಪಸು ಬರುವ ಹಡಗಿನಲ್ಲಿ, ಅಲ್ಲಿ ಕೆಲಸ ಹೋಗಿ ಇನ್ನು ಊರೇ ಗತಿ ಎಂದು ಬರುವವರೂ ಇರುತ್ತಿದ್ದರು. ತಂದೆ ಜಪಾನಿನ ಪ್ರಜೆ, ಮಗ ಅಮೆರಿಕದ ಪ್ರಜೆ. ಬಂದರಿನಲ್ಲಿ ಅಧಿಕಾರಿಯ ಮುಂದೆ ನಿಂತಾಗ ಒಂದೇ ಮನೆಯವರ ಕಾಗದಪತ್ರ ಬೇರೆ ಬೇರೆ, ಕೇಳುವ ಪ್ರಶ್ನೆಗಳೂ ಬೇರೆ ಬೇರೆ.

ಈ ಹಡಗಿನ ಬಗ್ಗೆ ಓದುವಾಗ ನನ್ನನ್ನು ಹೆಚ್ಚು ತಟ್ಟಿದ ವಿಷಯ ಇದು. ಹಿಕಾವಾ ಮಾರು ಮೊದಲ ಪ್ರಯಾಣ ಮಾಡಿದ ಮರುತಿಂಗಳು, 1930ರ ಜೂನಿನಲ್ಲಿ, ಸ್ಮೂಟ್-ಹಾಲಿ ಎಂದು ಹೆಸರಾದ ಕಾಯ್ದೆಯಿಂದ ಅಮೆರಿಕ ಹೊರಗಿನ ನೂರಾರು ಸರಕುಗಳ ಮೇಲೆ ಸುಂಕ ಏರಿಸಿತು. ಆದರೆ ಕಚ್ಚಾ ರೇಷ್ಮೆಯನ್ನು ಮಾತ್ರ ಸುಂಕವಿಲ್ಲದ ಪಟ್ಟಿಯಲ್ಲೇ ಉಳಿಸಿಕೊಂಡಿತು. ಅದು ಅಲ್ಲಿನ ಕಾರ್ಖಾನೆಗಳಿಗೆ ಬೇಕಾಗಿತ್ತು, ಅಲ್ಲಿ ಬೆಳೆಯುವವರು ಇರಲಿಲ್ಲ. ಅಂದರೆ ಒಂದೇ ಹಡಗಿನಲ್ಲಿ ಹೋದ ನೂಲಿಗೆ ಬಾಗಿಲು ತೆರೆದಿತ್ತು, ಆ ನೂಲನ್ನು ಬೆಳೆದ ರೈತ ದುಡಿದು ಬದುಕುತ್ತೇನೆಂದು ಬಂದರೆ ಮುಚ್ಚಿತ್ತು.

1932ರ ಜೂನ್: ಒಬ್ಬ ನಟ, ಒಂದು ಕೊಲೆ

ಹಿಕಾವಾ ಮಾರುವಿನ ಪ್ರಯಾಣಿಕರಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಚಾರ್ಲಿ ಚಾಪ್ಲಿನ್. ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲಿ ಟೋಪಿ, ಕೋಲು ಹಿಡಿದು ಅವನ ಹಾಗೆ ನಡೆಯದ ವರ್ಷವೇ ಇರಲಿಲ್ಲ. 1932ರ ಮೇ 14ರಂದು ಆತ ಜಪಾನಿಗೆ ಬಂದಿಳಿದ. ಜೊತೆಗೆ ಆತನ ಕಾರ್ಯದರ್ಶಿ, ಜಪಾನಿನಲ್ಲಿ ಹುಟ್ಟಿದ ತೊರಾಯಿಚಿ ಕೋನೊ. ಮರುದಿನ ಸಂಜೆ ನೌಕಾಪಡೆಯ ಕೆಲವು ಯುವ ಅಧಿಕಾರಿಗಳು ಪ್ರಧಾನಿ ಇನುಕಾಯಿ ತ್ಸುಯೋಶಿಯವರ ಮನೆಗೆ ನುಗ್ಗಿ ಅವರನ್ನು ಗುಂಡಿಕ್ಕಿ ಕೊಂದರು. ಆ ಹೊತ್ತಿನಲ್ಲಿ ಚಾಪ್ಲಿನ್ ಪ್ರಧಾನಿಯ ಮಗನ ಜೊತೆ ಸುಮೋ ಕುಸ್ತಿ ನೋಡುತ್ತಿದ್ದ. ಚಾಪ್ಲಿನ್ನನನ್ನೂ ಕೊಂದು ಅಮೆರಿಕದ ಜೊತೆ ಯುದ್ಧಕ್ಕೆ ದಾರಿ ಮಾಡಬೇಕು ಎಂದು ಆ ಗುಂಪಿನಲ್ಲಿ ಮಾತಾಗಿತ್ತೆಂದು ಆಮೇಲೆ ವಿಚಾರಣೆಯಲ್ಲಿ ಹೊರಬಂತು.

ಈ ಕಥೆಯನ್ನು ಸಾಮಾನ್ಯವಾಗಿ ಚಾಪ್ಲಿನ್ ಬದುಕಿ ಉಳಿದ ಕಥೆಯೆಂದು ಹೇಳುತ್ತಾರೆ. ಅದರಲ್ಲಿ ಗೂಡಿನ ಕಥೆಯೂ ಇದೆ. ಆ ಸಂಚಿನಲ್ಲಿ ಸೈನಿಕರ ಜೊತೆ ತಾಚಿಬಾನಾ ಕೊಜಾಬುರೊ ಎಂಬಾತನ ಕೃಷಿಕರ ಗುಂಪೂ ಇತ್ತು. ಅವರು ಅದೇ ದಿನ ಟೋಕಿಯೋದ ವಿದ್ಯುತ್ ಕೇಂದ್ರಗಳ ಮೇಲೆ ದಾಳಿ ಮಾಡಿದರು. ಹಳ್ಳಿಗಳು ಸಾಯುತ್ತಿರುವಾಗ ಪಟ್ಟಣ ಬೆಳಗುತ್ತಿದೆ ಎಂಬುದು ಅವರ ಸಿಟ್ಟು. ಆ ಸಿಟ್ಟಿಗೆ ಕಾರಣ ಇತ್ತು. 1930ರಲ್ಲಿ ಜಪಾನಿನಲ್ಲಿ ಗೂಡಿನ ಬೆಲೆ ಒಂದೇ ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧಕ್ಕೆ ಬಿತ್ತು. ಅದೇ ವರ್ಷ ಭತ್ತ ಚೆನ್ನಾಗಿ ಬೆಳೆದು ಅಕ್ಕಿಯ ಬೆಲೆಯೂ ಬಿತ್ತು. ಸಾಲ ತೀರಿಸಲಾಗದೆ ಬಡ ಕುಟುಂಬಗಳು ಹೆಣ್ಣುಮಕ್ಕಳನ್ನು ಮುಂಗಡ ಹಣಕ್ಕೆ ಕಾರ್ಖಾನೆಗಳಿಗೆ, ಅದಕ್ಕಿಂತ ಕೆಟ್ಟ ಜಾಗಗಳಿಗೆ ಕಳಿಸಿದ್ದು ಆ ದೇಶದ ಇತಿಹಾಸದ ನೋವಿನ ಅಧ್ಯಾಯ. ರೈತನ ಕಷ್ಟ ನಿಜ. ಆದರೆ ಅದರ ಹೆಸರು ಹೇಳಿಕೊಂಡು ಬಂದೂಕು ಹಿಡಿದವರು ಜಪಾನನ್ನು ಯುದ್ಧದ ಕಡೆಗೆ ನೂಕಿದರು. ಆ ಯುದ್ಧಕ್ಕೆ ಹೆಚ್ಚು ಮಕ್ಕಳನ್ನು ಕಳಿಸಿದ್ದೂ ಅದೇ ಹಳ್ಳಿಗಳು.

ಜೂನ್ 2ರಂದು ಚಾಪ್ಲಿನ್ ಯೊಕೊಹಾಮಾದಿಂದ ಹಿಕಾವಾ ಮಾರು ಹತ್ತಿ ಅಮೆರಿಕಕ್ಕೆ ಹೊರಟ. ಹಡಗಿನ ಅಡಿಗೆಯವರು ಮಾಡುವ ತೆಂಪೂರಾ, ಅಂದರೆ ನಮ್ಮ ಬಜ್ಜಿಯ ಹಾಗೆ ಹಿಟ್ಟಿನಲ್ಲಿ ಅದ್ದಿ ಕರಿದ ಸೀಗಡಿ, ಆತನಿಗೆ ಬಹಳ ಇಷ್ಟವಿತ್ತಂತೆ. ಮೇಲಿನ ಊಟದ ಮನೆಯಲ್ಲಿ ಜಗತ್ತನ್ನೇ ನಗಿಸಿದ ನಟ, ಮಧ್ಯದ ಅಂತಸ್ತಿನಲ್ಲಿ ವ್ಯಾಪಾರಿಗಳು, ಕೆಳಗೆ ಕಾಗದಪತ್ರ ಜೋಪಾನ ಮಾಡಿಕೊಂಡ ಕುಟುಂಬಗಳು, ಬೀಗ ಹಾಕಿದ ಕೋಣೆಯಲ್ಲಿ ಬೆಲೆ ಬಿದ್ದ ರೇಷ್ಮೆಗೆಂದು ಕಾದಿಟ್ಟ ಜಾಗ. ಆ ಕಾಲದ ಜಗತ್ತು ಆ 163 ಮೀಟರಿನೊಳಗೆ ಇತ್ತು.

ಹಡಗಿನ ರೇಷ್ಮೆ ನಮ್ಮೂರಿಗೆ ಬಂದ ಬಗೆ

ಹಿಕಾವಾ ಮಾರು ಹೋಗುತ್ತಿದ್ದದ್ದು ಅಮೆರಿಕಕ್ಕೆ. ಹಾಗಾದರೆ ನಮ್ಮ ಮುತ್ತಾತನ ತೋಟ ಕೀಳಿಸಿದ ಹಡಗು ಯಾವುದು? ಉತ್ತರ ಅದೇ ಕಂಪನಿಯ ಇನ್ನೊಂದು ದಾರಿಯ ಕಡೆಗೆ ತಿರುಗುತ್ತದೆ. ನಿಪ್ಪೋನ್ ಯೂಸೆನ್ ಕೈಶಾ ದೂರದ ದೇಶಕ್ಕೆ ಕ್ರಮವಾಗಿ ಹಡಗು ಓಡಿಸಲು ಶುರು ಮಾಡಿದ್ದೇ 1893ರಲ್ಲಿ, ಬೊಂಬಾಯಿಗೆ. ಭಾರತದ ಹತ್ತಿಯನ್ನು ಜಪಾನಿನ ಗಿರಣಿಗಳಿಗೆ ಒಯ್ಯಲು ಆ ದಾರಿ ತೆರೆಯುವುದರಲ್ಲಿ ಜಮ್‌ಸೆಟ್‌ಜಿ ಟಾಟಾ ಅವರ ಪಾಲೂ ಇತ್ತು. ಅದೇ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿ, ಜಪಾನೀ ತಜ್ಞರನ್ನು ಕರೆಸಿ, ಅಲ್ಲಿನ ಪದ್ಧತಿಯನ್ನು ನಮ್ಮವರಿಗೆ ಕಲಿಸಿದರು. ಸರ್ ಎಂ. ವಿಶ್ವೇಶ್ವರಯ್ಯನವರು 1898ರಲ್ಲೇ ಜಪಾನಿಗೆ ಹೋಗಿ ಆ ದೇಶದ ಏಳಿಗೆಯನ್ನು ಕಣ್ಣಾರೆ ಕಂಡು ಬಂದಿದ್ದರು. ನಮ್ಮ ಮೈಸೂರು ತಳಿಯ ಜೊತೆ ಬಹುಕಾಲ ಬೆರೆಸಿದ ಸಿ. ನಿಚಿ ತಳಿಯೂ ಜಪಾನಿನದೇ. ಹೀಗೆ ಜಪಾನ್ ನಮ್ಮ ಗುರುವೂ ಹೌದು, ಪೈಪೋಟಿಗಾರನೂ ಹೌದು.

ಈಗ ಕುಸಿತದ ಲೆಕ್ಕ ನೋಡಿ. ಅಮೆರಿಕ ಕೊಳ್ಳುವುದನ್ನು ಕಡಿಮೆ ಮಾಡಿತು, ಆದರೆ ಹುಳು ಗೂಡು ಕಟ್ಟುವುದನ್ನು ನಿಲ್ಲಿಸಲಿಲ್ಲ. ನೂಲು ಯೊಕೊಹಾಮಾದಲ್ಲಿ ರಾಶಿ ಬಿತ್ತು. 1931ರ ಡಿಸೆಂಬರಿನಲ್ಲಿ ಜಪಾನ್ ಚಿನ್ನದ ಪ್ರಮಾಣವನ್ನು ಕೈಬಿಟ್ಟಿತು. ಅಲ್ಲಿಯವರೆಗೆ 100 ಯೆನ್‌ಗೆ 49 ಡಾಲರಿನಷ್ಟು ಇದ್ದ ಬೆಲೆ ಒಂದು ವರ್ಷದಲ್ಲಿ ಸುಮಾರು 20 ಡಾಲರಿಗೆ ಇಳಿಯಿತು. ಯೆನ್ ಅಗ್ಗವಾದರೆ ಜಪಾನಿನ ಸರಕೂ ಹೊರಗಿನವರಿಗೆ ಅಗ್ಗ. ಚೀನಾ ಮತ್ತು ಜಪಾನಿನ ಅಗ್ಗದ ರೇಷ್ಮೆ, ಅದರ ಜೊತೆಗೆ ಕೃತಕ ರೇಷ್ಮೆ, ನಮ್ಮ ಬಂದರುಗಳಿಗೆ ಬಂದು ಇಳಿದವು. ಮಗ್ಗದವರಿಗೆ ಅದು ಅನುಕೂಲ, ಹುಳು ಸಾಕುವವರಿಗೆ ಮತ್ತು ಚರಕದಲ್ಲಿ ನೂಲು ಬಿಚ್ಚುವವರಿಗೆ ಏಟು. ಮೈಸೂರು ಸೀಮೆಯಲ್ಲಿ ಹಿಪ್ಪುನೇರಳೆ ತೋಟಗಳನ್ನು ಕಿತ್ತು ಬೇರೆ ಬೆಳೆ ಹಾಕಿದವರು ನಮ್ಮ ಮುತ್ತಾತ ಒಬ್ಬರೇ ಅಲ್ಲ. 1933ರಲ್ಲಿ ಭಾರತದ ಸುಂಕ ಮಂಡಳಿ ರೇಷ್ಮೆ ಉದ್ಯಮದ ಕಷ್ಟವನ್ನು ವಿಚಾರಣೆ ಮಾಡಿತು. 1934ರಲ್ಲಿ ಹೊರಗಿನ ರೇಷ್ಮೆಯ ಮೇಲೆ ರಕ್ಷಣಾ ಸುಂಕ ಬಂತು.

ನ್ಯೂಯಾರ್ಕಿನ ಒಬ್ಬ ಹೆಂಗಸು ಹೊಸ ಕಾಲುಚೀಲ ಕೊಳ್ಳದೆ ಹಳೆಯದನ್ನೇ ಹೊಲಿದುಕೊಂಡರೆ ನಮ್ಮೂರಿನ ಹುಳು ಮನೆಯಲ್ಲಿ ಚಂದ್ರಿಕೆ ಅಟ್ಟ ಸೇರುತ್ತದೆ. ಮೇಷ್ಟ್ರು ಬೋರ್ಡಿನ ಮೇಲೆ ಬರೆಸಿದ ‘ಪರಿಣಾಮಗಳು’ ಎಂಬ ಪದಕ್ಕೆ ನನಗೆ ಈಗ ತಿಳಿದ ಅರ್ಥ ಇದು.

ಇದು ಹಳೆಯ ಕಥೆ ಎಂದು ಬಿಡುವಂತಿಲ್ಲ. ನಾನು ಎಂಜಿನಿಯರಿಂಗ್ ಕೊನೆಯ ಹಂತದಲ್ಲಿದ್ದಾಗ, 2011ರಲ್ಲಿ, ಕಚ್ಚಾ ರೇಷ್ಮೆಯ ಆಮದು ಸುಂಕ ನೂರಕ್ಕೆ 30ರಿಂದ 5ಕ್ಕೆ ಇಳಿಯಿತು. ಅಪ್ಪ ಗೂಡು ಮಾರಿ ಬಂದ ಸಂಜೆ ಫೋನಿನಲ್ಲಿ ಬೆಲೆ ಹೇಳಲಿಲ್ಲ, “ಊಟ ಆಯ್ತಾ?” ಎಂದು ಮಾತ್ರ ಕೇಳಿದರು. ಬೆಲೆ ಎಷ್ಟಿತ್ತೆಂದು ಅದರಿಂದಲೇ ಗೊತ್ತಾಯಿತು. ಆಗ ಬಂದದ್ದು ಚೀನಾದ ನೂಲು. ಎರಡು ವರ್ಷದ ಮೇಲೆ ಸುಂಕ 15ಕ್ಕೆ ಏರಿತು. ಮುತ್ತಾತನ ಮಾತನ್ನು ಅಪ್ಪನೂ ಹೇಳಬಹುದಿತ್ತು, ಹೇಳಲಿಲ್ಲ. ಅಪ್ಪ ತೋಟ ಕೀಳಲಿಲ್ಲ.

ಹಡಗಿಗೆ ಆಮೇಲೆ ಆದದ್ದು

ಹಿಕಾವಾ ಮಾರು ಮುಂದೆಯೂ ಹಲವರನ್ನು ಹೊತ್ತಿತು. ಜೂಡೋ ಪದ್ಧತಿಯನ್ನು ಕಟ್ಟಿದ ಕಾನೊ ಜಿಗೊರೊ, 1940ರ ಒಲಿಂಪಿಕ್ಸ್ ಟೋಕಿಯೋದಲ್ಲೇ ನಡೆಯಬೇಕೆಂದು ಕೈರೋದ ಸಭೆಯಲ್ಲಿ ವಾದಿಸಿ, ವ್ಯಾಂಕೂವರಿನಿಂದ ಈ ಹಡಗು ಹತ್ತಿ ಊರಿಗೆ ಮರಳುತ್ತಿದ್ದವರು, 1938ರ ಮೇ 4ರಂದು ದಾರಿಯಲ್ಲೇ ತೀರಿಕೊಂಡರು. ಯೊಕೊಹಾಮಾ ಇನ್ನೆರಡು ದಿನದ ದಾರಿ ಇತ್ತು. ಯುದ್ಧದ ಕಾರಣ ಆ ಒಲಿಂಪಿಕ್ಸ್ ನಡೆಯಲೇ ಇಲ್ಲ. ಲಿಥುವೇನಿಯಾದಲ್ಲಿದ್ದ ಜಪಾನೀ ಅಧಿಕಾರಿ ಸುಗಿಹಾರಾ ಚಿಉನೆ ಮೇಲಿನವರ ಮಾತು ಮೀರಿ ಬರೆದುಕೊಟ್ಟ ವೀಸಾ ಹಿಡಿದು ಹಿಟ್ಲರನಿಂದ ತಪ್ಪಿಸಿಕೊಂಡ ಯೆಹೂದ್ಯರಲ್ಲಿ ಕೆಲವರು ಇದೇ ಹಡಗಿನಲ್ಲಿ ಸಾಗರ ದಾಟಿದರು.

1938ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ನೈಲಾನ್ ಎಂಬ ಹೊಸ ನೂಲಿನ ಸುದ್ದಿ ಹೊರಬಿತ್ತು. 1940ರ ಮೇ ತಿಂಗಳಲ್ಲಿ ನೈಲಾನ್ ಕಾಲುಚೀಲ ದೇಶದ ಅಂಗಡಿಗಳಿಗೆಲ್ಲ ಬಂತು. ಮರುವರ್ಷ ಎರಡು ದೇಶಗಳ ವ್ಯಾಪಾರವೇ ನಿಂತಿತು, ಹಡಗೂ ನಿಂತಿತು. ಯುದ್ಧದಲ್ಲಿ ಅದು ಆಸ್ಪತ್ರೆ ಹಡಗಾಯಿತು. ಮೂರು ಸಲ ನೀರಿನೊಳಗಿನ ಸಿಡಿಮದ್ದಿಗೆ ಸಿಕ್ಕಿಯೂ ಮುಳುಗಲಿಲ್ಲ. ಅಕ್ಕತಂಗಿ ಹಡಗುಗಳೆರಡೂ ಮುಳುಗಿದವು. ಇತ್ತ ಪ್ಯಾರಾಚೂಟಿಗೆ ಬೇಕೆಂದು ಮೈಸೂರು ಸೀಮೆಯ ರೇಷ್ಮೆಗೆ ದಿಢೀರನೆ ಬೇಡಿಕೆ ಬಂತು. ತಾತ ಹೇಳುತ್ತಿದ್ದಂತೆ ನಮ್ಮ ಮನೆಯಲ್ಲಿ ಸೊಪ್ಪಿನ ಕಡ್ಡಿ ಮತ್ತೆ ನೆಟ್ಟದ್ದು ಆಗಲೇ. ಹಿಕಾವಾ ಮಾರು 1953ರಲ್ಲಿ ಮತ್ತೆ ಸಿಯಾಟಲ್ ದಾರಿಗೆ ಇಳಿದು, 1960ರಲ್ಲಿ ಕೆಲಸ ಮುಗಿಸಿತು. ಒಟ್ಟು 254 ಸಲ ಪೆಸಿಫಿಕ್ ದಾಟಿತ್ತು. 1961ರಿಂದ ಯೊಕೊಹಾಮಾದಲ್ಲೇ ನಿಂತಿದೆ. 2016ರಲ್ಲಿ ಜಪಾನ್ ಅದನ್ನು ರಾಷ್ಟ್ರದ ಮಹತ್ವದ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿತು.

ಈಗ ಶಾಲೆಯಲ್ಲಿ ಓದುತ್ತಿರುವ ತಮ್ಮಂದಿರಿಗೆ, ತಂಗಿಯರಿಗೆ ಒಂದು ಮಾತು. ಜಪಾನಿನವರು ತಮ್ಮ ಹಡಗನ್ನು ಉಳಿಸಿಕೊಂಡಿದ್ದಾರೆ. ನಮ್ಮಲ್ಲಿ ಉಳಿಸಲು ಹಡಗಿಲ್ಲ, ಆದರೆ ಪ್ರತಿ ಮನೆಯ ಪೆಟ್ಟಿಗೆಯಲ್ಲೂ ಗೂಡಿನ ಮಾರುಕಟ್ಟೆಯ ಹಳೆಯ ಚೀಟಿಗಳಿವೆ, ಲೆಕ್ಕದ ಪುಸ್ತಕಗಳಿವೆ. ದಿನಾಂಕ, ತೂಕ, ಬೆಲೆ ಬರೆದ ಆ ಚೀಟಿಗಳನ್ನು ಒಲೆಗೆ ಹಾಕಬೇಡಿ. ಶಾಲೆಯ ಗ್ರಂಥಾಲಯದಲ್ಲಿ ಒಂದು ಬೀರು ಅವಕ್ಕೆಂದು ಇಡಲು ನಾವು ಕೆಲವು ಹಳೆಯ ವಿದ್ಯಾರ್ಥಿಗಳು ಸಿದ್ಧರಿದ್ದೇವೆ. ಅವನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಕೂತು ಕೇಳಿ, ಬರೆದಿಡಿ. ನಾನು ತಾತನನ್ನು ಇನ್ನೂ ನಾಲ್ಕು ಪ್ರಶ್ನೆ ಕೇಳಬೇಕಿತ್ತು. ಪಿ.ಯು.ಸಿ. ಓದುವಾಗ ಅವರು ಹೋಗಿಬಿಟ್ಟರು.

ಮೇಷ್ಟ್ರೇ, ಹಡಗು ಸಿಕ್ಕಿತು. ಒಂದಲ್ಲ, ಒಂದು ದಾರಿಯಲ್ಲಿ ಹೋದದ್ದು, ಇನ್ನೊಂದು ದಾರಿಯಲ್ಲಿ ಬಂದದ್ದು, ಹೀಗೆ ಹಲವು. ತಡವಾದದ್ದಕ್ಕೆ ಕ್ಷಮೆಯಿರಲಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಹೇಳಿ, ಹುಡುಕು ಎಂದು ಕಳಿಸಿದ ಎಲ್ಲ ಗುರುಗಳಿಗೂ ನಮಸ್ಕರಿಸುತ್ತಾ, ನಮ್ಮ ಶಾಲೆ ಇನ್ನೂ ಐವತ್ತು ವರ್ಷ ಕಂಡು ಶತಮಾನೋತ್ಸವ ಆಚರಿಸಲಿ ಎಂದು ಹಾರೈಸುತ್ತೇನೆ.